ಸರೋವರಕ್ಕೆ ಬೆನ್ನು ತಿರುಗಿಸಿ ನೋಡಿದವರು

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ದೃಶ್ಯ ಹೇಳುತ್ತೇನೆ, ಕಣ್ಣ ಮುಂದೆ ತಂದುಕೊಳ್ಳಿ. ಸುಮಾರು 250 ವರ್ಷಗಳ ಹಿಂದಿನ ಮಾತು. ಇಂಗ್ಲೆಂಡಿನ ವಾಯವ್ಯ ಮೂಲೆಯ ಗುಡ್ಡಗಾಡು. ಎದುರಿಗೆ ಉದ್ದನೆಯ ಸರೋವರ, ಅದರಾಚೆ ಬೆಟ್ಟ, ಬೆಟ್ಟದ ಹಿಂದೆ ಸೂರ್ಯ ಇಳಿಯುತ್ತಿದ್ದಾನೆ. ಲಂಡನ್ನಿನಿಂದ ದಿನಗಟ್ಟಲೆ ಕುದುರೆ ಗಾಡಿಯಲ್ಲಿ ಮೈಕೈ ನೋಯಿಸಿಕೊಂಡು ಬಂದ ಪ್ರವಾಸಿಯೊಬ್ಬ ದಡದಲ್ಲಿ ನಿಂತಿದ್ದಾನೆ. ಅವನು ಏನು ಮಾಡುತ್ತಾನೆ ಗೊತ್ತಾ? ಸರೋವರಕ್ಕೆ ಬೆನ್ನು ತಿರುಗಿಸುತ್ತಾನೆ. ಜೇಬಿನಿಂದ ಅಂಗೈಯಗಲದ ಕನ್ನಡಿ ತೆಗೆದು ಮುಖದ ಮುಂದೆ ಹಿಡಿಯುತ್ತಾನೆ. ಅದರಲ್ಲಿ ತನ್ನ ಹೆಗಲ ಮೇಲಿಂದ ಕಾಣುವ ನೀರು, ಬೆಟ್ಟ, ಸೂರ್ಯನನ್ನು ನೋಡಿ ಆಹಾ ಅನ್ನುತ್ತಾನೆ.

ಸಭೆಯಲ್ಲಿ ಯಾರೋ ‘ಸೆಲ್ಫಿ’ ಅಂದರು. ಹೌದು, ಹತ್ತಿರ ಹತ್ತಿರ ಅದೇ. ಆದರೆ ಅವನಿಗೆ ತನ್ನ ಮುಖ ಬೇಕಿರಲಿಲ್ಲ. ಆ ಕನ್ನಡಿ ಸ್ವಲ್ಪ ಉಬ್ಬಿರುತ್ತಿತ್ತು, ಗಾಜಿಗೆ ಮಸಿ ಬಣ್ಣ ಇರುತ್ತಿತ್ತು. ಹಾಗಾಗಿ ದೊಡ್ಡ ನೋಟ ಚಿಕ್ಕದಾಗಿ, ಬಣ್ಣಗಳು ಮೆತ್ತಗಾಗಿ, ಥೇಟ್ ಚೌಕಟ್ಟು ಹಾಕಿದ ಚಿತ್ರದಂತೆ ಕಾಣುತ್ತಿತ್ತು. 17ನೇ ಶತಮಾನದ ಚಿತ್ರಕಾರ ಕ್ಲಾಡ್ ಲೊರೇನ್‌ನ ಹೆಸರಿನಲ್ಲಿ ಅದನ್ನು ‘ಕ್ಲಾಡ್ ಗ್ಲಾಸ್’ ಅಂತ ಕರೆಯುತ್ತಿದ್ದರು. ಥಾಮಸ್ ಗ್ರೇ ಅನ್ನುವ ಕವಿ 1769ರಲ್ಲಿ ಇದನ್ನು ಹಿಡಿದುಕೊಂಡು ಬಂದಿದ್ದ. ಕನ್ನಡಿ ಬಿಚ್ಚಿ ಹಿಡಿದುಕೊಂಡೇ ಕೆಸರು ದಾರಿಯಲ್ಲಿ ಅಂಗಾತ ಬಿದ್ದ. ಕೈಗೆಣ್ಣು ತರಚಿತು, ಕನ್ನಡಿ ಉಳಿಯಿತು. ಎದ್ದು ಸೂರ್ಯಾಸ್ತ ನೋಡಿಯೇ ಹೋದೆ ಅಂತ ಅವನೇ ಬರೆದುಕೊಂಡಿದ್ದಾನೆ.

ಇವತ್ತು ನಾನು ಮಾತಾಡಬೇಕಿರುವುದು ಈ ಜಾಗದ ಬಗ್ಗೆ. ಲೇಕ್ ಡಿಸ್ಟ್ರಿಕ್ಟ್. ಸಂಘಟಕರು ಕೊಟ್ಟ ವಿಷಯ ‘ಅಲ್ಲಿ ನೋಡುವುದೇನು, ಮಾಡುವುದೇನು’ ಅಂತ. ಪಟ್ಟಿ ಓದಿ ಹೇಳಬಹುದಿತ್ತು. ಆದರೆ ಹೋಗಿ ಬಂದ ಮೇಲೆ ನನಗೆ ಅನಿಸಿದ್ದು ಬೇರೆ. ಅಲ್ಲಿ ಏನೇ ನೋಡಲು ಹೋದರೂ ಅದರ ಹಿಂದೆ ಒಂದು ಜಗಳ ಇದೆ. ಈ ನೀರನ್ನು ಯಾರು ನೋಡಬೇಕು, ಹೇಗೆ ನೋಡಬೇಕು, ನೋಡುವಾಗ ಎಷ್ಟು ಸದ್ದು ಮಾಡಬಹುದು ಅನ್ನುವ ಜಗಳ. ಅದು ಗೊತ್ತಿದ್ದರೆ ನೋಡುವುದಕ್ಕೆ ರುಚಿ ಜಾಸ್ತಿ.

ಶುರು ಮಾಡುವ ಮೊದಲು ಒಂದು ಪದದ ತಕರಾರು. ನಾನು ‘ಸರೋವರ’ ಅನ್ನುತ್ತಿದ್ದೇನೆ, ‘ಕೆರೆ’ ಅನ್ನುತ್ತಿಲ್ಲ. ಕೆರೆ ಅಂದರೆ ಕಟ್ಟಿದ್ದು. ಏರಿ ಇರಬೇಕು, ತೂಬು ಇರಬೇಕು. ಈ ಸರೋವರಗಳನ್ನು ಯಾರೂ ಕಟ್ಟಲಿಲ್ಲ. ಹಿಮಯುಗದಲ್ಲಿ ನೀರ್ಗಲ್ಲಿನ ನದಿಗಳು ಬೆಟ್ಟದ ನಡುವಿನಿಂದ ನಿಧಾನಕ್ಕೆ ಜಾರುತ್ತಾ ಕಣಿವೆಗಳನ್ನು ಕೆರೆದು ಆಳ ಮಾಡಿದವು. ಹಿಮ ಕರಗಿದಾಗ ಆ ಆಳದಲ್ಲಿ ನೀರು ನಿಂತಿತು. ಅದಕ್ಕೇ ಎಲ್ಲವೂ ರಿಬ್ಬನ್ನಿನಂತೆ ಉದ್ದಕ್ಕಿವೆ. ನಕ್ಷೆ ನೋಡಿದರೆ ನಡುವಿನ ಬೆಟ್ಟಗಳಿಂದ ಸುತ್ತಲೂ ಚಕ್ರದ ಅರಗಳಂತೆ ಹರಡಿಕೊಂಡಿವೆ. ವಿಂಡರ್‌ಮಿಯರ್ ಎಲ್ಲಕ್ಕಿಂತ ದೊಡ್ಡದು, ಸುಮಾರು 17 ಕಿಲೋಮೀಟರ್ ಉದ್ದ. ವಾಸ್ಟ್‌ವಾಟರ್ ಎಲ್ಲಕ್ಕಿಂತ ಆಳ, 79 ಮೀಟರ್.

ತಮಾಷೆ ಏನೆಂದರೆ, ಲೇಕ್ ಡಿಸ್ಟ್ರಿಕ್ಟ್‌ನ ದೊಡ್ಡ ಸರೋವರಗಳಲ್ಲಿ ಹೆಸರಿನಲ್ಲಿ ‘ಲೇಕ್’ ಇರುವುದು ಒಂದಕ್ಕೆ ಮಾತ್ರ: ಬ್ಯಾಸೆನ್‌ಥ್ವೇಟ್ ಲೇಕ್. ಮಿಕ್ಕವೆಲ್ಲ ‘ಮಿಯರ್’ ಅಥವಾ ‘ವಾಟರ್’. ‘ಮಿಯರ್’ ಅಂದರೇ ಸರೋವರ. ಹಾಗಾಗಿ ‘ಲೇಕ್ ವಿಂಡರ್‌ಮಿಯರ್’ ಅನ್ನುವುದು ‘ನಡುಮಧ್ಯ’ ಅಂದ ಹಾಗೆ. ಬೆಟ್ಟದ ಮೇಲಿನ ಸಣ್ಣ ಕೊಳಕ್ಕೆ ‘ಟಾರ್ನ್’, ಬೆಟ್ಟಕ್ಕೆ ‘ಫೆಲ್’, ತೊರೆಗೆ ‘ಬೆಕ್’. ಇವೆಲ್ಲ ಸುಮಾರು 1000 ವರ್ಷಗಳ ಹಿಂದೆ ಸಮುದ್ರ ದಾಟಿ ಬಂದು ನೆಲೆಸಿದ ನಾರ್ಸ್ ಜನ ಬಿಟ್ಟುಹೋದ ಪದಗಳು.

ಈಗ ಕನ್ನಡಿಯ ಕಥೆಗೆ ಮತ್ತೆ ಬರೋಣ. 1778ರಲ್ಲಿ ಥಾಮಸ್ ವೆಸ್ಟ್ ಅನ್ನುವ ಪಾದ್ರಿ ಈ ಪ್ರದೇಶಕ್ಕೆ ಒಂದು ಪ್ರವಾಸಿ ಕೈಪಿಡಿ ಬರೆದ. ಅದರಲ್ಲಿ ಎಲ್ಲಿ ನಿಂತು ನೋಡಬೇಕು ಅನ್ನುವುದನ್ನೂ ಗೊತ್ತು ಮಾಡಿಕೊಟ್ಟ. ಅವಕ್ಕೆ ‘ಸ್ಟೇಷನ್’ ಅಂತ ಹೆಸರು. ಇಂಥ ಮರದ ಹತ್ತಿರ ನಿಲ್ಲಿ, ಇಂಥ ಬಂಡೆಯ ಮೇಲೆ ನಿಂತು ಇತ್ತ ತಿರುಗಿ, ಅಂತ. ಜನ ಪುಸ್ತಕ ಹಿಡಿದು ಒಂದೊಂದೇ ಸ್ಟೇಷನ್ ಮುಗಿಸುತ್ತಾ ಹೋಗುತ್ತಿದ್ದರು. ವಿಂಡರ್‌ಮಿಯರ್‌ನ ಪಶ್ಚಿಮ ದಡದಲ್ಲಿ ಅಂಥದೊಂದು ಜಾಗದಲ್ಲಿ ಆಮೇಲೆ ಕಟ್ಟಡವನ್ನೇ ಕಟ್ಟಿದರು, ಕ್ಲೇಫ್ ಸ್ಟೇಷನ್ ಅಂತ. ಅದರ ಕಿಟಕಿಗಳಿಗೆ ಬಣ್ಣದ ಗಾಜು. ಹಳದಿ ಗಾಜಿನಲ್ಲಿ ನೋಡಿದರೆ ಬೇಸಿಗೆ. ಕಿತ್ತಳೆ ಬಣ್ಣದಲ್ಲಿ ಎಲೆ ಉದುರುವ ಕಾಲ. ತಿಳಿ ನೀಲಿಯಲ್ಲಿ ಚಳಿಗಾಲ, ಕಡು ನೀಲಿಯಲ್ಲಿ ಬೆಳದಿಂಗಳು. ನೇರಳೆಯಲ್ಲಿ ನೋಡಿದರೆ ಗುಡುಗು ಮಳೆ! ಕೂತಲ್ಲೇ ವರ್ಷವಿಡೀ ಮುಗಿಸಬಹುದಿತ್ತು. ಕಟ್ಟಡ ಆಮೇಲೆ ಪಾಳು ಬಿತ್ತು. ಈಗ ನ್ಯಾಷನಲ್ ಟ್ರಸ್ಟ್, ಅಂದರೆ ಇಂಥ ಜಾಗ, ಕಟ್ಟಡಗಳನ್ನು ಜನರಿಗಾಗಿ ಉಳಿಸುವ ಸಂಸ್ಥೆ, ಅದನ್ನು ಸರಿಪಡಿಸಿ, ಮತ್ತೆ ಬಣ್ಣದ ಗಾಜು ಹಾಕಿದೆ.

ಕಣ್ಣಿಗೆ ಮಾತ್ರ ಅಲ್ಲ, ಕಿವಿಗೂ ವ್ಯವಸ್ಥೆ ಇತ್ತು. ಅಲ್ಸ್‌ವಾಟರ್‌ನಲ್ಲಿ ದೋಣಿಯ ಮೇಲೆ ಸಣ್ಣ ಫಿರಂಗಿ ಇಟ್ಟುಕೊಂಡು ಪ್ರವಾಸಿಗಳನ್ನು ನೀರಿನ ನಡುವೆ ಕರೆದೊಯ್ಯುತ್ತಿದ್ದರು. ಢಂ ಅಂತ ಒಂದು ಹೊಡೆದರೆ ಶಬ್ದ ಒಂದು ಬೆಟ್ಟದಿಂದ ಇನ್ನೊಂದಕ್ಕೆ ಬಡಿದು ಎಷ್ಟೋ ಹೊತ್ತು ಗುಡುಗುತ್ತಿತ್ತು. ಡರ್ವೆಂಟ್‌ವಾಟರ್ ಪಕ್ಕದ ಲೋಡೋರ್ ಜಲಪಾತದ ಹತ್ತಿರದ ಛತ್ರದಲ್ಲಿ ಎರಡು ಥರದ ಹೊಡೆತ ಸಿಗುತ್ತಿತ್ತಂತೆ. ದೊಡ್ಡ ಸದ್ದಿಗೆ ಒಂದು ದರ, ಸಣ್ಣದಕ್ಕೆ ಇನ್ನೊಂದು. ಕೆಸಿಕ್ ಊರಿನಲ್ಲಿದ್ದ ಕವಿ ರಾಬರ್ಟ್ ಸೌದಿ 1807ರಲ್ಲಿ ಇದನ್ನು ಚೆನ್ನಾಗಿ ಗೇಲಿ ಮಾಡಿದ. ಪ್ರತಿಧ್ವನಿ ಕೊಳ್ಳಲು ಬಂದ ಮೇಲೆ ನಾಲ್ಕು ಕಾಸಿನ ಮುಖ ನೋಡಿ ಎರಡನೇ ದರ್ಜೆಯದನ್ನು ಯಾರು ತಗೊಳ್ಳುತ್ತಾರೆ ಅಂತ.

ಈ ಪ್ರದೇಶದ ಮಾತು ಬಂದರೆ ವರ್ಡ್ಸ್‌ವರ್ತ್ ಬರಲೇಬೇಕು. ಡ್ಯಾಫೊಡಿಲ್ ಹೂವಿನ ಪದ್ಯ ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಕೈ ಎತ್ತಿ ಅಂದೆ, ಅರ್ಧ ಸಭೆ ಎತ್ತಿತು. ಆ ಹೂವನ್ನು ಎಂದೂ ನೋಡಿರದಿದ್ದರೂ ನಾವೆಲ್ಲ ಅದನ್ನು ಒಪ್ಪಿಸಿದವರೇ ಅಲ್ವಾ? ಪದ್ಯದಲ್ಲಿ ಕವಿ ಮೋಡದ ಹಾಗೆ ಒಂಟಿಯಾಗಿ ಅಲೆಯುತ್ತಾನೆ. ನಿಜದಲ್ಲಿ ಅವನು ಒಂಟಿಯಾಗಿರಲಿಲ್ಲ. 1802ರ ಏಪ್ರಿಲ್ 15, ಗಾಳಿ ಜೋರಾಗಿದ್ದ ದಿನ. ಅಲ್ಸ್‌ವಾಟರ್ ದಡದಲ್ಲಿ ತಂಗಿ ಡೊರೊಥಿ ಜೊತೆಗಿದ್ದಳು. ಆಕೆ ಅಂದಿನ ದಿನಚರಿಯಲ್ಲಿ ಹೂವುಗಳ ಬಗ್ಗೆ ಬರೆದಿಟ್ಟಳು. ಕೆಲವು ಸುಸ್ತಾದವರಂತೆ ಕಲ್ಲಿನ ಮೇಲೆ ತಲೆಯಿಟ್ಟು ಮಲಗಿದ್ದವಂತೆ, ಉಳಿದವು ಗಾಳಿಗೆ ಕುಣಿಯುತ್ತಿದ್ದವಂತೆ. ಅಣ್ಣ ಪದ್ಯ ಬರೆದದ್ದು ಎರಡು ವರ್ಷ ಬಿಟ್ಟು. ಅದರಲ್ಲಿ ಎಲ್ಲರೂ ಹೊಗಳುವ ಎರಡು ಸಾಲು, ಒಳಗಣ್ಣಿಗೆ ಹೂ ಹೊಳೆಯುವ ಸಾಲು, ಅವನ ಹೆಂಡತಿ ಮೇರಿಯದ್ದು. ಅಂದರೆ ಒಂಟಿತನದ ಪದ್ಯಕ್ಕೆ ಮೂರು ಜನ ದುಡಿದಿದ್ದಾರೆ. ನನಗೆ ಡೊರೊಥಿಯ ಗದ್ಯವೇ ಹೆಚ್ಚು ಇಷ್ಟ. ಜಗಳಕ್ಕೆ ಬರುವವರು ಆಮೇಲೆ ಕಾಫಿ ಹೊತ್ತಿಗೆ ಬನ್ನಿ.

ಆ ಹೂ ನೋಡಬೇಕಾದರೆ ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನ ಒಳಗೆ ಅಲ್ಸ್‌ವಾಟರ್‌ನ ಗ್ಲೆನ್‌ಕಾಯ್ನ್ ಕೊಲ್ಲಿಯ ಹತ್ತಿರ ಹೋಗಬೇಕು. ರಸ್ತೆ ಬದಿಯಲ್ಲಿ ದೊಡ್ಡದಾಗಿ, ಗಾಢ ಹಳದಿಯಲ್ಲಿ ಕಾಣುವುದು ತೋಟದ ತಳಿ. ಕವಿ ನೋಡಿದ ಕಾಡು ಡ್ಯಾಫೊಡಿಲ್ ಗಿಡ್ಡ, ಬಣ್ಣವೂ ತೆಳು. ಹುಡುಕಿ ನೋಡಬೇಕು.

ಗ್ರಾಸ್‌ಮಿಯರ್‌ನ ಡವ್ ಕಾಟೇಜ್ ಅವರಿದ್ದ ಮನೆ. 1799ರ ಡಿಸೆಂಬರ್‌ನಿಂದ 1808ರವರೆಗೆ. ಅದಕ್ಕೂ ಮುಂಚೆ ಅದು ಹೆಂಡದಂಗಡಿ. ಚಿಕ್ಕ ಚಿಕ್ಕ ಕತ್ತಲೆ ಕೋಣೆಗಳು. ಮಹಡಿಯ ಒಂದು ಕೋಣೆಯ ಗೋಡೆಗೆ ಚಳಿ ತಡೆಯಲೆಂದು ಡೊರೊಥಿ ಹಳೇ ಪತ್ರಿಕೆ ಅಂಟಿಸಿದ್ದಳು. ಈಗಲೂ ಆ ಕೋಣೆಯನ್ನು ಹಾಗೇ ತೋರಿಸುತ್ತಾರೆ. ಊರಿನ ಚರ್ಚಿನ ಅಂಗಳದಲ್ಲಿ ಅವರೆಲ್ಲರ ಸಮಾಧಿ ಸಾಲಾಗಿದೆ. ಸಾದಾ ಕಲ್ಲುಗಳು. ಪಕ್ಕದಲ್ಲೇ ಶುಂಠಿ ಬಿಸ್ಕತ್ತಿನ ಪುಟ್ಟ ಅಂಗಡಿ, 1854ರಿಂದ ಇದೆ. ಸಮಾಧಿಗಿಂತ ಅಲ್ಲೇ ಉದ್ದ ಸಾಲು.

ನಿಮಗೆ ಗೊತ್ತಿಲ್ಲದಿರಬಹುದಾದ ವಿಷಯ, ವರ್ಡ್ಸ್‌ವರ್ತ್ ಕೂಡ ಪ್ರವಾಸಿ ಕೈಪಿಡಿ ಬರೆದವನು. ಮೊದಲು 1810ರಲ್ಲಿ, ಹೆಸರಿಲ್ಲದೆ. ತಿದ್ದಿ ತಿದ್ದಿ 1835ರಲ್ಲಿ ಐದನೇ ಮುದ್ರಣ ಬಂತು. ಚಕ್ರದ ಅರದ ಹೋಲಿಕೆ ಕೊಟ್ಟೆನಲ್ಲ, ಅದು ಅವನದೇ. ಅವನ ಪದ್ಯಕ್ಕಿಂತ ಈ ಕೈಪಿಡಿಯೇ ಜನಪ್ರಿಯವಾಗಿತ್ತು. ವಿಮರ್ಶಕ ಮ್ಯಾಥ್ಯೂ ಆರ್ನಾಲ್ಡ್ ಒಂದು ಕಥೆ ಹೇಳುತ್ತಿದ್ದ: ಕವಿಯನ್ನು ನೋಡಲು ಬಂದ ಒಬ್ಬ ಪಾದ್ರಿ, ‘ನಿಮ್ಮ ಕೈಪಿಡಿ ಓದಿದ್ದೇನೆ, ಅದು ಬಿಟ್ಟು ಬೇರೆ ಏನಾದರೂ ಬರೆದಿದ್ದೀರಾ?’ ಅಂತ ಕೇಳಿದನಂತೆ.

ಆ ಕೈಪಿಡಿಯಲ್ಲಿ ಅವನು ಒಂದು ದೊಡ್ಡ ಮಾತು ಹೇಳಿದ. ನೋಡುವ ಕಣ್ಣು, ಸವಿಯುವ ಮನಸ್ಸು ಇರುವ ಎಲ್ಲರಿಗೂ ಇದರಲ್ಲಿ ಹಕ್ಕಿದೆ, ಇದು ಒಂಥರಾ ರಾಷ್ಟ್ರದ ಆಸ್ತಿ ಅಂತ. ಮುಂದೆ ರಾಷ್ಟ್ರೀಯ ಉದ್ಯಾನ ಮಾಡುವವರೆಲ್ಲ ಈ ಮಾತು ಹಿಡಿದುಕೊಂಡರು. ಆದರೆ ಅದೇ ಮನುಷ್ಯ 1844ರಲ್ಲಿ, 74ನೇ ವಯಸ್ಸಿನಲ್ಲಿ, ವಿಂಡರ್‌ಮಿಯರ್‌ಗೆ ರೈಲು ಬರುತ್ತದೆ ಅಂದಾಗ ಪತ್ರಿಕೆಗೆ ಸಿಟ್ಟಿನ ಪತ್ರ ಬರೆದ. ಲ್ಯಾಂಕಾಷೈರ್‌ನ ಗಿರಣಿ ಊರುಗಳಿಂದ ಕೆಲಸಗಾರರು ಹಿಂಡು ಹಿಂಡಾಗಿ ಬಂದರೆ ಏನು ಗತಿ? ಇಂಥ ಸೌಂದರ್ಯ ಸವಿಯಲು ಕಲಿಕೆ ಬೇಕು, ರೈಲಿನಲ್ಲಿ ತಂದು ಸುರಿದರೆ ಬರುವುದಿಲ್ಲ ಅನ್ನುವುದು ಅವನ ವಾದ.

ರೈಲು 1847ರಲ್ಲಿ ಬಂತು. ಸರೋವರದ ಹೆಸರನ್ನೇ ನಿಲ್ದಾಣಕ್ಕಿಟ್ಟರು, ನಿಲ್ದಾಣದ ಸುತ್ತ ಬೆಳೆದ ಊರಿಗೂ ಅದೇ ಹೆಸರು ಬಂತು. ಮುಂದೆ ಆಂಬಲ್‌ಸೈಡ್‌ವರೆಗೆ ಹಳಿ ಎಳೆಯುವ ಪ್ರಯತ್ನ ನಡೆಯಿತು, ಕೈಗೂಡಲಿಲ್ಲ. ಹಾಗಾಗಿ ಇವತ್ತಿಗೂ ಆ ರೈಲು ವಿಂಡರ್‌ಮಿಯರ್‌ಗೇ ನಿಲ್ಲುತ್ತದೆ. ಅಲ್ಲಿಂದ ಮುಂದೆ 555 ನಂಬರಿನ ಬಸ್ಸು: ಆಂಬಲ್‌ಸೈಡ್, ಗ್ರಾಸ್‌ಮಿಯರ್ ದಾಟಿ ಕೆಸಿಕ್‌ವರೆಗೆ. ಮಹಡಿಯ ಮುಂದಿನ ಸೀಟು ಸಿಕ್ಕರೆ ಬಿಡಬೇಡಿ.

ವರ್ಡ್ಸ್‌ವರ್ತ್ ಹೆದರಿದ್ದು ಯಾರಿಗೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1930ರಲ್ಲಿ ಬ್ಲ್ಯಾಕ್‌ಬರ್ನ್‌ನಿಂದ, ಅಂದರೆ ಅದೇ ಲ್ಯಾಂಕಾಷೈರ್‌ನ ಗಿರಣಿ ಊರಿನಿಂದ, 23 ವರ್ಷದ ಹುಡುಗ ರಜೆಗೆ ಬಂದ. ಬಡ ಮನೆ, ಅಪ್ಪ ಕಲ್ಲು ಕೆಲಸದವನು. ಹುಡುಗ ಪುರಸಭೆಯಲ್ಲಿ ಗುಮಾಸ್ತ. ವಿಂಡರ್‌ಮಿಯರ್ ಊರಿನ ಹಿಂದಿರುವ ಆರೆಸ್ಟ್ ಹೆಡ್ ಅನ್ನುವ ಗುಡ್ಡ ಹತ್ತಿದ. ಎತ್ತರ ಬರೀ 238 ಮೀಟರ್. ಮೇಲೆ ಹೋದ ಕೂಡಲೇ ಇಡೀ ಸರೋವರ, ಅದರ ಹಿಂದೆ ಬೆಟ್ಟಗಳ ಸಾಲು ಒಮ್ಮೆಲೇ ತೆರೆದುಕೊಳ್ಳುತ್ತದೆ. ಹುಡುಗ ಅಲ್ಲೇ ಕರಗಿಹೋದ. ಅವನೇ ಆಲ್ಫ್ರೆಡ್ ವೈನ್‌ರೈಟ್. ಆಮೇಲೆ ಅಲ್ಲೇ ಹತ್ತಿರ ಕೆಂಡಲ್‌ನಲ್ಲಿ ಕೆಲಸ ಹಿಡಿದು, ವಾರಾಂತ್ಯ ಬಂದರೆ ಬಸ್ಸು ಹತ್ತಿ ಬೆಟ್ಟಕ್ಕೆ ಹೋಗಿ, 214 ಬೆಟ್ಟಗಳಿಗೆ ಕೈಪಿಡಿ ಬರೆದ. 1955ರಿಂದ 1966ರವರೆಗೆ ಏಳು ಸಂಪುಟ. ಅಚ್ಚಿನ ಮೊಳೆಯೇ ಇಲ್ಲ. ಅಕ್ಷರವೂ ಅವನ ಕೈಬರಹ, ನಕ್ಷೆ, ಚಿತ್ರ ಎಲ್ಲವೂ ಅವನ ಪೆನ್ನಿನದು. ಈಗ ಆ 214ನ್ನೂ ಹತ್ತಿ ಮುಗಿಸುವುದು ಎಷ್ಟೋ ಜನರ ಜೀವಮಾನದ ಹುಚ್ಚು. 1991ರಲ್ಲಿ ತೀರಿಕೊಂಡಾಗ ಅವನ ಬೂದಿಯನ್ನು ಹೇಸ್ಟ್ಯಾಕ್ಸ್ ಬೆಟ್ಟದ ಮೇಲಿನ ಟಾರ್ನ್ ಒಂದರ ದಡದಲ್ಲಿ ಹರಡಿದರು. ಅಲ್ಲಿ ನಡೆಯುವಾಗ ಬೂಟಿನೊಳಗೆ ಮರಳು ಸಿಕ್ಕರೆ ಸ್ವಲ್ಪ ಗೌರವ ಕೊಡಿ, ನಾನೇ ಇರಬಹುದು ಅನ್ನುವ ಅರ್ಥದಲ್ಲಿ ಅವನೇ ಮುಂಚೆ ಬರೆದಿಟ್ಟಿದ್ದ.

ಇನ್ನೊಂದು ಸಣ್ಣ ಕಥೆ ಇದಕ್ಕೆ ಸೇರಿಸಬೇಕು. ನ್ಯಾಷನಲ್ ಟ್ರಸ್ಟ್ ಶುರುವಾದದ್ದು 1895ರಲ್ಲಿ. ಅದನ್ನು ಹುಟ್ಟುಹಾಕಿದ ಮೂವರಲ್ಲಿ ಒಬ್ಬ ಕೆಸಿಕ್ ಪಕ್ಕದ ಚರ್ಚಿನ ಪಾದ್ರಿ ಹಾರ್ಡ್‌ವಿಕ್ ರಾನ್‌ಸ್ಲಿ. ಡರ್ವೆಂಟ್‌ವಾಟರ್ ದಡದ ಬ್ರ್ಯಾಂಡಲ್‌ಹೌ ಅನ್ನುವ ಜಾಗ ಮಾರಾಟಕ್ಕೆ ಬಂದಾಗ, ಮನೆಗಳು ಎದ್ದು ದಡ ಮುಚ್ಚಿಹೋಗುತ್ತದೆ ಅಂತ ಜನರಿಂದ ಚಂದಾ ಎತ್ತಿ 1902ರಲ್ಲಿ ಅದನ್ನು ಕೊಂಡರು. ಚಂದಾ ಕೊಟ್ಟವರಲ್ಲಿ ಶೆಫೀಲ್ಡ್‌ನ ಒಬ್ಬ ಕಾರ್ಖಾನೆ ಕೆಲಸಗಾರ ಇದ್ದ. ಅವನು ಕಳಿಸಿದ್ದು ಎರಡೂವರೆ ಶಿಲಿಂಗ್. ಜೀವನಪೂರ್ತಿ ಆ ಸರೋವರ ನೋಡಬೇಕು ಅಂದುಕೊಂಡಿದ್ದೆ, ಇನ್ನು ನೋಡುವುದು ಆಗುವುದಿಲ್ಲ, ಬೇರೆಯವರಿಗಾದರೂ ಉಳಿಯಲಿ ಅಂತ ಬರೆದಿದ್ದ. ಈಗ ಅಲ್ಲಿ ಯಾರು ಬೇಕಾದರೂ ದಡದುದ್ದಕ್ಕೂ ನಡೆಯಬಹುದು. ಟಿಕೆಟ್ ಇಲ್ಲ, ಗೇಟು ಇಲ್ಲ.

ದೋಣಿಯ ವಿಷಯ. ಬಹಳ ಜನ ದೋಣಿ ಹತ್ತಿ ಒಂದು ಸುತ್ತು ಹಾಕಿ ಅಲ್ಲೇ ಇಳಿಯುತ್ತಾರೆ. ಅದು ದಂಡ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ದೋಣಿ ಅಂದರೆ ಬಸ್ಸು. ಡರ್ವೆಂಟ್‌ವಾಟರ್‌ನಲ್ಲಿ ಲಾಂಚುಗಳು ಸುತ್ತಲಿನ ಕಟ್ಟೆಗಳಲ್ಲಿ ನಿಲ್ಲುತ್ತಾ ಹೋಗುತ್ತವೆ. ಕೆಲವು ಎಡಸುತ್ತು, ಕೆಲವು ಬಲಸುತ್ತು. ಒಂದು ಕಡೆ ಇಳಿದು, ಕಾಡಿನೊಳಗೆ ಒಂದೆರಡು ಗಂಟೆ ನಡೆದು, ಮುಂದಿನ ಕಟ್ಟೆಯಲ್ಲಿ ಹತ್ತಬಹುದು. ಅಲ್ಸ್‌ವಾಟರ್‌ನಲ್ಲಿ 1877ರ ‘ಲೇಡಿ ಆಫ್ ದ ಲೇಕ್’ ಇನ್ನೂ ಓಡುತ್ತಿದೆ. ಉಗಿ ಹೋಗಿ ಡೀಸೆಲ್ ಬಂದಿದೆ, ಒಡಲು ಅದೇ. ಗ್ಲೆನ್‌ರಿಡಿಂಗ್‌ನಲ್ಲಿ ಅದನ್ನು ಹತ್ತಿ ಹೌಟೌನ್‌ನಲ್ಲಿ ಇಳಿದು, ದಡದುದ್ದಕ್ಕೂ ಸುಮಾರು 11 ಕಿಲೋಮೀಟರ್ ನಡೆದು ವಾಪಸ್ ಬರುವುದು ಆ ಕಡೆಯ ಹೆಸರುವಾಸಿ ನಡಿಗೆ. ಮೊದಲು ದೋಣಿ, ಆಮೇಲೆ ನಡಿಗೆ. ಈ ಕ್ರಮ ಮುಖ್ಯ. ನಾನು ಬುದ್ಧಿವಂತಿಕೆ ಮಾಡಿ ಉಲ್ಟಾ ಹೋದೆ. ನಡೆದು ಹೌಟೌನ್ ಮುಟ್ಟುವಷ್ಟರಲ್ಲಿ ಕೊನೆಯ ದೋಣಿ ಕಣ್ಣೆದುರೇ ಹೊರಟಿತು. ಅಷ್ಟೇ ದೂರ ಮತ್ತೆ ನಡೆದೆ, ಮಳೆಯಲ್ಲಿ. ತಪ್ಪು ಪೂರ್ತಿ ನನ್ನದೇ, ವೇಳಾಪಟ್ಟಿ ಕಟ್ಟೆಯ ಮೇಲೇ ಬರೆದಿತ್ತು.

ಮಳೆ ಅಂದೆ. ಬೆಟ್ಟದ ಬುಡದ ಸೀಥ್ವೇಟ್ ಊರಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಇಂಗ್ಲೆಂಡಿನಲ್ಲಿ ಜನವಸತಿ ಇರುವ ಜಾಗಗಳಲ್ಲಿ ಅತಿ ಹೆಚ್ಚು. ಅಲ್ಲೇ ಹತ್ತಿರದ ಹಾನಿಸ್ಟರ್ ಕಣಿವೆಯಲ್ಲಿ 2015ರ ಡಿಸೆಂಬರ್‌ನಲ್ಲಿ 24 ಗಂಟೆಗೆ 341.4 ಮಿಲಿಮೀಟರ್ ಸುರಿದು ಬ್ರಿಟನ್ನಿನ ದಾಖಲೆಯಾಯಿತು. ಮಳೆ ಬಂದರೆ ರದ್ದು ಅನ್ನುವವರಿಗೆ ಇದು ಜಾಗ ಅಲ್ಲ. ಬೆಟ್ಟಗಳ ಎತ್ತರ ಕೇಳಿದರೆ ನಗು ಬರಬಹುದು. ಎಲ್ಲಕ್ಕಿಂತ ಎತ್ತರದ ಸ್ಕಾಫೆಲ್ ಪೈಕ್ 978 ಮೀಟರ್ ಅಷ್ಟೇ. ಆದರೆ ಅರ್ಧ ಗಂಟೆಯಲ್ಲಿ ಮಂಜು ಮುಚ್ಚಿ ದಾರಿ ಮಾಯವಾಗುತ್ತದೆ. ಕವಿ ಕೋಲ್‌ರಿಜ್ 1802ರ ಆಗಸ್ಟ್‌ನಲ್ಲಿ ಪಕ್ಕದ ಸ್ಕಾಫೆಲ್‌ನಿಂದ ದಾರಿ ನೋಡದೆ ಇಳಿಯಲು ಹೋಗಿ, ಒಂದೊಂದೇ ಬಂಡೆಯಿಂದ ಧುಮುಕುತ್ತಾ, ಹತ್ತಲೂ ಆಗದೆ ಇಳಿಯಲೂ ಆಗದೆ ಸಿಕ್ಕಿಕೊಂಡ. ಕೊನೆಗೆ ಬಂಡೆಯ ಮೇಲೆ ಮಲಗಿ ತನ್ನ ಹುಚ್ಚಿಗೆ ತಾನೇ ನಕ್ಕನಂತೆ. ಪಾರಾದ, ಅದೃಷ್ಟ. ಈಗ ಹೀಗೆ ಸಿಕ್ಕಿಕೊಂಡವರನ್ನು ತರಲು ಬರುವುದು ಸಂಬಳವಿಲ್ಲದ ಸ್ವಯಂಸೇವಕರು. ಊಟ ಬಿಟ್ಟು, ಕೆಲಸ ಬಿಟ್ಟು ಬರುತ್ತಾರೆ. ಚಪ್ಪಲಿಯಲ್ಲಿ, ಫೋನಿನ ನಕ್ಷೆ ಒಂದನ್ನೇ ನಂಬಿ ಹತ್ತುವವರಿಗೆ ಇದು ಗೊತ್ತಿರಲಿ.

ಬೆಟ್ಟದ ಮೇಲೆ ನಿಮಗಿಂತ ಮೊದಲೇ ಅಲ್ಲಿರುವವರು ಕುರಿಗಳು. ಹರ್ಡ್‌ವಿಕ್ ಅನ್ನುವ ತಳಿ. ಮರಿ ಹುಟ್ಟುವಾಗ ಕಪ್ಪು, ಬೆಳೆಯುತ್ತಾ ಬೂದು. ಈ ಬೆಟ್ಟಗಳಿಗೆ ಬೇಲಿ ಇಲ್ಲ, ಆದರೂ ಒಂದು ಮಂದೆ ಇನ್ನೊಂದರ ಜಾಗಕ್ಕೆ ಹೋಗುವುದಿಲ್ಲ. ತನ್ನ ಮೇವಿನ ಗಡಿ ಯಾವುದು ಅಂತ ಮರಿ ತಾಯಿಯ ಹಿಂದೆ ಅಲೆಯುತ್ತಾ ಕಲಿಯುತ್ತದೆ, ಅದು ತನ್ನ ಮರಿಗೆ ಕಲಿಸುತ್ತದೆ. ಜಮೀನು ಮಾರಿದರೆ ಮಂದೆಯೂ ಅದರ ಜೊತೆಗೇ ಹೋಗುತ್ತದೆ. 2001ರಲ್ಲಿ ಕಾಲುಬಾಯಿ ರೋಗ ಬಂದು ಆ ಜಿಲ್ಲೆಯಲ್ಲಿ ಲೆಕ್ಕವಿಲ್ಲದಷ್ಟು ಕುರಿ ಕೊಂದಾಗ ರೈತರಿಗೆ ಇದ್ದ ಭಯ ಇದೇ. ಕುರಿ ಮತ್ತೆ ಕೊಳ್ಳಬಹುದು, ಗಡಿ ಗೊತ್ತಿರುವ ಕುರಿಯನ್ನು ಎಲ್ಲಿಂದ ತರುವುದು? ಹಳೇ ಕುರುಬರ ಎಣಿಕೆಯೂ ಬೇರೆ: ಯಾನ್, ಟ್ಯಾನ್, ಟೆದರಾ, ಮೆದರಾ, ಪಿಂಪ್. ಐದು ಆಯಿತು.

ಮಕ್ಕಳ ಮೊಲದ ಕಥೆಗಳಿಂದ ಹೆಸರಾದ ಬಿಯಾಟ್ರಿಕ್ಸ್ ಪಾಟರ್ 1905ರಲ್ಲಿ ಇಲ್ಲಿನ ಹಿಲ್ ಟಾಪ್ ಅನ್ನುವ ಜಮೀನು ಕೊಂಡಳು. ಜನ ಇವತ್ತು ಆ ಮನೆಗೆ ಮೊಲಕ್ಕಾಗಿ ಹೋಗುತ್ತಾರೆ. ಆಕೆ ಮಾತ್ರ ಮುಂದಿನ ವರ್ಷಗಳಲ್ಲಿ ಹೆಚ್ಚು ತಲೆ ಕೆಡಿಸಿಕೊಂಡಿದ್ದು ಕುರಿಗಳ ಬಗ್ಗೆ. 1943ರಲ್ಲಿ ತೀರಿಕೊಂಡಾಗ 4000 ಎಕರೆಗೂ ಹೆಚ್ಚು ಜಮೀನನ್ನು ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋದಳು. ಹರ್ಡ್‌ವಿಕ್ ಕುರಿ ಅಲ್ಲೇ ಮೇಯಬೇಕು ಅನ್ನುವುದೂ ಆಕೆಯ ಇಚ್ಛೆಯಾಗಿತ್ತು. 2017ರಲ್ಲಿ ಯುನೆಸ್ಕೋ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಬರೀ ನಿಸರ್ಗ ಅಂತ ಅಲ್ಲ. ಕುರಿ, ಕಲ್ಲುಗೋಡೆ, ಸಾಗುವಳಿ, ಕವಿತೆ ಎಲ್ಲ ಸೇರಿದ ಸಾಂಸ್ಕೃತಿಕ ನೆಲ ಅಂತ. ಹಾಗಾಗಿ ದಾರಿಯಲ್ಲಿ ಸಿಗುವ ಗೇಟು ತೆರೆದರೆ ಮುಚ್ಚಿ ಹೋಗಿ. ಅಲ್ಲಿ ಸಭ್ಯತೆ ಅಂದರೆ ಮೊದಲು ಅದೇ.

ಕೆರೆ ಅನ್ನಬಹುದಾದದ್ದೂ ಅಲ್ಲಿ ಎರಡಿವೆ. ಥರ್ಲ್‌ಮಿಯರ್ ಮತ್ತು ಹಾಸ್‌ವಾಟರ್. ಎರಡಕ್ಕೂ ಮ್ಯಾಂಚೆಸ್ಟರ್ ನಗರದ ಕುಡಿಯುವ ನೀರಿಗೆ ಅಣೆಕಟ್ಟು ಕಟ್ಟಿದರು. ಥರ್ಲ್‌ಮಿಯರ್ ನೀರು 1894ರಲ್ಲಿ ನಗರ ಮುಟ್ಟಿತು. 150 ಕಿಲೋಮೀಟರಿಗೂ ಹೆಚ್ಚು ದೂರ, ಪಂಪು ಇಲ್ಲದೆ, ಬರೀ ಇಳಿಜಾರಿನ ಬಲದಲ್ಲಿ. ಎಂಥ ಎಂಜಿನಿಯರಿಂಗ್! ಅದರ ವಿರುದ್ಧ ನಡೆದ ಹೋರಾಟ ಸೋತಿತು. ಹಾಸ್‌ವಾಟರ್ 1930ರ ದಶಕದ್ದು. ಅದಕ್ಕಾಗಿ ಮಾರ್ಡೇಲ್ ಗ್ರೀನ್ ಅನ್ನುವ ಊರನ್ನೇ ಮುಳುಗಿಸಿದರು. ಚರ್ಚು ಕೆಡವಿದರು, ಸಮಾಧಿಗಳಲ್ಲಿದ್ದವರನ್ನೂ ತೆಗೆದು ಬೇರೆ ಊರಿಗೆ ಸಾಗಿಸಿದರು. ಮಳೆ ಕೈಕೊಟ್ಟ ಬೇಸಿಗೆಯಲ್ಲಿ ನೀರು ಇಳಿದಾಗ ಊರಿನ ಕಲ್ಲುಗೋಡೆಗಳು, ಪುಟ್ಟ ಸೇತುವೆ ಮೇಲೆ ಬರುತ್ತವೆ. ಆಗ ಜನ ಕಾರು ತುಂಬಿಕೊಂಡು ನೋಡಲು ಬರುತ್ತಾರೆ. ಆ ಗುಂಪು ನನಗೆ ಯಾಕೋ ಇಷ್ಟವಾಗುವುದಿಲ್ಲ. ಹೋಗಬೇಡಿ ಅನ್ನುವುದಿಲ್ಲ, ಹೋದವರಲ್ಲಿ ನಾನೂ ಒಬ್ಬ.

ಸದ್ದಿನ ಜಗಳ ಫಿರಂಗಿಗೆ ಮುಗಿಯಲಿಲ್ಲ. 20ನೇ ಶತಮಾನದಲ್ಲಿ ಈ ಉದ್ದನೆಯ ನೀರು ವೇಗದ ದೋಣಿಗಳಿಗೆ ಸಿಕ್ಕಿತು. 1930ರಲ್ಲಿ ಹೆನ್ರಿ ಸೀಗ್ರೇವ್ ವಿಂಡರ್‌ಮಿಯರ್‌ನಲ್ಲಿ ದಾಖಲೆ ಮಾಡಿ ಅದೇ ದಿನ ಅಪಘಾತದಲ್ಲಿ ಸತ್ತ. 1967ರ ಜನವರಿ 4ರಂದು ಕೊನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್‌ನ ‘ಬ್ಲೂಬರ್ಡ್’ ಗಂಟೆಗೆ 300 ಮೈಲಿಗೂ ಹೆಚ್ಚು ವೇಗದಲ್ಲಿ ಮೂತಿ ಎತ್ತಿ, ಗಾಳಿಯಲ್ಲಿ ಮಗುಚಿ, ನೀರಿಗೆ ಬಡಿಯಿತು. ಅವನನ್ನೂ ದೋಣಿಯನ್ನೂ ಮೇಲೆತ್ತಿದ್ದು 2001ರಲ್ಲಿ. ದುರಸ್ತಿಯಾದ ದೋಣಿ 2024ರಲ್ಲಿ ಊರಿಗೆ ಮರಳಿ, ಅಲ್ಲಿನ ರಸ್ಕಿನ್ ಮ್ಯೂಸಿಯಂನಲ್ಲಿದೆ. ರೈಲನ್ನೇ ಸಹಿಸದ ಕಲಾ ವಿಮರ್ಶಕ ಜಾನ್ ರಸ್ಕಿನ್‌ನ ಹೆಸರಿನ ಮನೆಯಲ್ಲಿ ಜೆಟ್ ದೋಣಿ! ರಸ್ಕಿನ್ ಕೊನೆಯವರೆಗೆ ಬಾಳಿದ ಬ್ರ್ಯಾಂಟ್‌ವುಡ್ ಮನೆ ಎದುರು ದಡದಲ್ಲೇ ಇದೆ, ನೋಡಬಹುದು. 2005ರಿಂದ ವಿಂಡರ್‌ಮಿಯರ್‌ನಲ್ಲಿ ಗಂಟೆಗೆ 10 ನಾಟಿಕಲ್ ಮೈಲಿ, ಅಂದರೆ 18.5 ಕಿಲೋಮೀಟರ್ ಮಿತಿ ಇದೆ. ವಾಟರ್ ಸ್ಕೀಯಿಂಗ್‌ನವರು ಗಲಾಟೆ ಮಾಡಿದರು. ಹಾಯಿದೋಣಿಯವರು, ಕಯಾಕ್‌ನವರು, ಈಜುವವರು ಖುಷಿಪಟ್ಟರು.

ಈಜಿನ ಬಗ್ಗೆ ಎರಡೇ ಮಾತು. ಬೇಸಿಗೆಯಲ್ಲಿ ಮೇಲಿನ ನೀರಷ್ಟೇ ಬೆಚ್ಚಗಾಗುತ್ತದೆ, ಕೆಳಗಿನದು ಕೊರೆಯುತ್ತಿರುತ್ತದೆ. ಧುಮುಕಿದರೆ ಮೊದಲ ನಿಮಿಷದಲ್ಲೇ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ನಿಧಾನಕ್ಕೆ, ದಡದಿಂದ ನಡೆದು ಇಳಿಯಬೇಕು. ಕುಡಿಯುವ ನೀರಿನ ಆ ಎರಡು ಜಲಾಶಯಗಳಲ್ಲಿ ಈಜು ಬೇಡವೇ ಬೇಡ. ಸೆಕೆಯ ದಿನಗಳಲ್ಲಿ ವಿಂಡರ್‌ಮಿಯರ್‌ನಲ್ಲಿ ನೀಲಿಹಸಿರು ಪಾಚಿ ಬೆಳೆದರೆ ಎಚ್ಚರಿಕೆ ಫಲಕ ಹಾಕುತ್ತಾರೆ. ಕೊಳಚೆ ನೀರು ಸೇರುವ ಬಗ್ಗೆ ಈಚೆಗೆ ದೊಡ್ಡ ಪ್ರತಿಭಟನೆಗಳೇ ನಡೆದಿವೆ. ಆಳದಲ್ಲಿ ಆರ್ಕ್ಟಿಕ್ ಚಾರ್ ಅನ್ನುವ ಮೀನಿದೆ. ಹಿಮಯುಗದ ಕೊನೆಯಲ್ಲಿ ಇಲ್ಲೇ ಉಳಿದುಹೋದದ್ದು. ತಣ್ಣಗಿನ, ಶುದ್ಧ ನೀರು ಇಲ್ಲದಿದ್ದರೆ ಅದು ಬದುಕುವುದಿಲ್ಲ. ಈಗ ತೀರಾ ಕಡಿಮೆಯಾಗಿದೆ. ಪ್ರವಾಸಿಗಳಿಗೆ ಅದು ಕಾಣುವುದೇ ಇಲ್ಲ, ಆದರೆ ಆ ನೀರಿನ ಆರೋಗ್ಯ ಅದಕ್ಕೆ ನಮಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೋತ್ತರದಲ್ಲಿ ಬಂದವುಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಹಿರಿಯರೊಬ್ಬರು ಕೇಳಿದರು: ಮಂಡಿ ನೋವಿದೆ, ನನಗೆ ಅಲ್ಲಿ ಏನಿದೆ? ಬೇಕಾದಷ್ಟಿದೆ. ಕಲ್ಲುಗೋಡೆ ದಾಟಲು ಕಟ್ಟಿರುವ ಮೆಟ್ಟಿಲುಗಳು ಇಲ್ಲದ ದಾರಿಗಳನ್ನೇ ಆರಿಸಿ, ಗಾಲಿಕುರ್ಚಿ ಹೋಗುವಂಥವು ಯಾವುವು ಅಂತ ರಾಷ್ಟ್ರೀಯ ಉದ್ಯಾನದವರು ಪಟ್ಟಿ ಮಾಡಿದ್ದಾರೆ. ಕೆಸಿಕ್ ಹತ್ತಿರದ ಕ್ಯಾಸಲ್‌ರಿಗ್ ಕಲ್ಲುಗಳ ವೃತ್ತಕ್ಕೂ ಹೋಗಿ. ಸುಮಾರು 5000 ವರ್ಷ ಹಳೆಯದು, ಸುತ್ತ ಬೆಟ್ಟಗಳ ಇನ್ನೊಂದು ವೃತ್ತ. ರಸ್ತೆ ಪಕ್ಕದಲ್ಲೇ ಇದೆ. ಬೆಳಗ್ಗೆ ಬೇಗ ಹೋದರೆ ಕುರಿ ಬಿಟ್ಟರೆ ಯಾರೂ ಇರುವುದಿಲ್ಲ.

ಕಾಲೇಜು ಹುಡುಗಿಯೊಬ್ಬಳು ಕೇಳಿದಳು: ಸರ್, ಒಂದೇ ದಿನ ಇದ್ರೆ?

ಒಂದೇ ದಿನ ಇದ್ದರೆ ವಿಂಡರ್‌ಮಿಯರ್ ರೈಲು ನಿಲ್ದಾಣದಲ್ಲಿ ಇಳಿಯಮ್ಮ. ಎಲ್ಲರೂ ನೀರಿನ ಕಡೆ ಓಡುತ್ತಾರೆ, ನೀನು ರಸ್ತೆ ದಾಟಿ ಎದುರು ಕಡೆ ಹೋಗು. ಅರ್ಧ ಗಂಟೆ ಹತ್ತಿದರೆ ಆರೆಸ್ಟ್ ಹೆಡ್. ಅಲ್ಲಿ ಬೆಂಚಿದೆ, ಕೂತುಕೋ. ಆಮೇಲೆ ಇಳಿದು ಬೋನೆಸ್‌ವರೆಗೆ ಬಸ್ಸು, ಅಲ್ಲಿಂದ ಸ್ವಲ್ಪ ನಡೆದರೆ ಫೆರಿ. ಹಗ್ಗ ಹಿಡಿದು ಎಳೆದುಕೊಳ್ಳುತ್ತಾ ಆಚೆ ದಡಕ್ಕೆ ಹೋಗುವ ಫೆರಿ ಅದು, ಕಾರುಗಳನ್ನೂ ಹೊರುತ್ತದೆ. ಆ ಕಡೆ ಇಳಿದು ಮೇಲೆ ಹತ್ತಿದರೆ ಕ್ಲೇಫ್ ಸ್ಟೇಷನ್. ಹಳದಿ ಗಾಜಿನಲ್ಲಿ ಒಮ್ಮೆ ನೋಡು, ನೀಲಿಯಲ್ಲಿ ಒಮ್ಮೆ, ಗಾಜು ಬಿಟ್ಟು ಒಮ್ಮೆ. ವಾಪಸ್ ಬರುವ ಕೊನೆಯ ಫೆರಿ ಎಷ್ಟು ಹೊತ್ತಿಗೆ ಅಂತ ಮಾತ್ರ ಹೋಗುವಾಗಲೇ ಕೇಳಿಟ್ಟುಕೋ.